ಹಳಿಯ ಸವೆತ ಮತ್ತು ನನ್ನ ಹಸಿರು ಗ್ರಾಫು

ರೈಲು ಹಳಿ ಎಷ್ಟು ಸವೆದಿದೆ ಅಂತ ಲೆಕ್ಕ ಹಾಕೋ ಸಾಫ್ಟ್‌ವೇರ್ ಬರೆಯೋದು ನನ್ನ ಕೆಲಸ. ಹಳಿಯ ಮೇಲೆ ಲೇಸರ್ ಗೆರೆ ಬೀಳುತ್ತೆ, ಕ್ಯಾಮೆರಾ ಅದರ ಆಕಾರ ಹಿಡಿಯುತ್ತೆ. ಹೊಸ ಹಳಿಯ ಆಕಾರದ ಜೊತೆ ಹೋಲಿಸಿದರೆ ಸವೆತ ಮಿಲಿಮೀಟರಿನಲ್ಲಿ ಸಿಗುತ್ತೆ. ಸವೆತ ಕಡಿಮೆ ಇದ್ದರೆ ಹಳಿ ಚೆನ್ನಾಗಿದೆ ಅಂದುಕೊಂಡು ಗ್ರಾಫಿಗೆ ಹಸಿರು ಬಣ್ಣ ಕೊಟ್ಟಿದ್ದೆ.

ಆಮೇಲೆ ಇಂಗ್ಲೆಂಡಿನ ಹ್ಯಾಟ್‌ಫೀಲ್ಡ್ ಅಪಘಾತದ ಬಗ್ಗೆ ಓದಿದೆ. 2000ರ ಅಕ್ಟೋಬರ್ 17ರಂದು ಅಲ್ಲಿ ರೈಲಿನಡಿ ಹಳಿ 300ಕ್ಕೂ ಹೆಚ್ಚು ಚೂರಾಯಿತು, 4 ಜನ ಸತ್ತರು. ಕಾರಣ ಬರೀ ಸವೆತ ಅಲ್ಲ, ಚಕ್ರಗಳ ಒತ್ತಡಕ್ಕೆ ಹಳಿಯ ಅಂಚಿನಲ್ಲಿ ಹುಟ್ಟಿ ಒಳಗಿಳಿದ ಬಿರುಕುಗಳು. ವಿಚಿತ್ರ ನೋಡಿ, ಹಳಿ ಸವೆಯುವಾಗ ಮೇಲಿನ ಸಣ್ಣ ಬಿರುಕುಗಳೂ ಜೊತೆಗೇ ಅಳಿಸಿಹೋಗುತ್ತವೆ. ಹೆಚ್ಚು ಸವೆಯದ ಗಟ್ಟಿ ಹಳಿಯಲ್ಲಿ ಅವು ಉಳಿದು ಬೆಳೆಯಬಹುದು. ಅದಕ್ಕೇ ಯಂತ್ರದಿಂದ ಹಳಿಯನ್ನು ಬೇಕಂತಲೇ ತೆಳುವಾಗಿ ಉಜ್ಜಿ ತೆಗೆಯೋದು.

ಮರುದಿನವೇ ಆ ಹಸಿರು ತೆಗೆದುಹಾಕಿದೆ. ಈಗ ಸವೆತದ ಪಕ್ಕದಲ್ಲೇ ಬಿರುಕಿನ ತಪಾಸಣೆ ಯಾವಾಗ ಆಯ್ತು ಅನ್ನೋದೂ ಕಾಣುತ್ತೆ.

ಆದರೆ ಹ್ಯಾಟ್‌ಫೀಲ್ಡಿನ ಹಳಿ ಕೆಟ್ಟಿದೆ ಅನ್ನೋದು ಅಪಘಾತಕ್ಕೆ ಮೊದಲೇ ಗೊತ್ತಿತ್ತು! ಬದಲಿಸಿರಲಿಲ್ಲ, ಅಷ್ಟೇ. ಅದಕ್ಕೆ ಇನ್ನೊಂದು ಕಾಲಂ ಸೇರಿಸಿದೀನಿ: ಯಾರು, ಯಾವತ್ತಿನೊಳಗೆ ಸರಿಮಾಡ್ತಾರೆ?

ಸದ್ಯಕ್ಕೆ ಅದು ಖಾಲಿಯಾಗೇ ಬರ್ತಿದೆ. ದಿನಾ ಬೆಳಿಗ್ಗೆ ಮೊದಲು ಅದನ್ನೇ ನೋಡ್ತೀನಿ...