ಇಲ್ಲವೆಂಬುದನ್ನು ಬರೆಯುವ ಬಗೆ

ಪರೀಕ್ಷೆಗೆ ಬಾರದ ವಿದ್ಯಾರ್ಥಿಯ ಹೆಸರಿನ ಮುಂದೆ ಉಪಾಧ್ಯಾಯರು ಸೊನ್ನೆಯನ್ನು ಬರೆಯುವುದಿಲ್ಲ. 'ಗೈರುಹಾಜರು' ಎಂದು ಬರೆಯುತ್ತಾರೆ. ಬಂದೂ ಏನನ್ನೂ ಬರೆಯದವನು ಬೇರೆ, ಬಾರದೆಯೇ ಇದ್ದವನು ಬೇರೆ. ಇಬ್ಬರಿಗೂ ಸೊನ್ನೆಯನ್ನೇ ಇತ್ತರೆ ತರಗತಿಯ ಸರಾಸರಿಯೇ ಸುಳ್ಳಾಗುತ್ತದೆ. ಇಷ್ಟು ಸರಳವಾದ ಈ ವಿವೇಕವನ್ನು ಗಣಕಯಂತ್ರದ ಭಾಷೆಗಳಲ್ಲಿ ನೆಲೆಗೊಳಿಸಲು ದಶಕಗಳೇ ಬೇಕಾದವು.

1965ರಲ್ಲಿ ಇಂಗ್ಲೆಂಡಿನ ವಿದ್ವಾಂಸರಾದ ಟೋನಿ ಹೋರ್ ಅವರು ಆಲ್ಗಾಲ್ ಡಬ್ಲ್ಯು ಎಂಬ ಗಣಕಭಾಷೆಯ ರಚನೆಯಲ್ಲಿ ತೊಡಗಿದ್ದರು. ಅದರಲ್ಲಿ ಒಂದು ದಾಖಲೆಯು ಮತ್ತೊಂದನ್ನು ಬೆರಳಿಟ್ಟು ತೋರಿಸಬಹುದಿತ್ತು. ಆ ತೋರುಬೆರಳು ಎಂದೂ ದಾರಿ ತಪ್ಪಿಸಬಾರದು, ಅದನ್ನು ಕಂಪೈಲರೇ ಪರಿಶೀಲಿಸಬೇಕು ಎಂಬುದು ಅವರ ಗುರಿ. ಆದರೆ ತೋರಿಸಲು ವಸ್ತುವೇ ಇಲ್ಲದಿದ್ದರೆ? ಅದಕ್ಕಾಗಿ 'ನಲ್' ಎಂಬ ಗುರುತನ್ನು ಸೇರಿಸಿದರು. ಅಳವಡಿಸುವುದು ತೀರ ಸುಲಭವಾಗಿದ್ದುದರಿಂದ ಆ ಪ್ರಲೋಭನೆಯನ್ನು ಮೀರಲಾಗಲಿಲ್ಲ.

'ನಲ್' ನಿಜವಾದ ವಸ್ತುವಿನ ವೇಷದಲ್ಲಿಯೇ ಸಂಚರಿಸುತ್ತದೆ. ವಿಳಾಸವನ್ನು ನಂಬಿ ಹೋದರೆ ಅಲ್ಲಿ ಮನೆಯೇ ಇಲ್ಲ! ವಸ್ತುಗಳನ್ನೇ ಆಧಾರವಾಗಿ ಉಳ್ಳ ಜಾವಾದಂತಹ ಭಾಷೆಗಳಲ್ಲಿ ಇದರಿಂದ ಪ್ರೋಗ್ರಾಂ ನಡುದಾರಿಯಲ್ಲಿ ಕುಸಿಯುವುದುಂಟು. ಈ ಭಯದಿಂದ ಕೆಲವರು ತೆರವಾದ ಸ್ಥಳದಲ್ಲಿ ಸೊನ್ನೆಯನ್ನು ತುಂಬುತ್ತಾರೆ. ಅದು ಇನ್ನೂ ಅಪಾಯಕರ. ರಕ್ತಪರೀಕ್ಷೆಯೇ ನಡೆಯದ ರೋಗಿಯ ದಾಖಲೆಯಲ್ಲಿ ಸೊನ್ನೆಯಿದ್ದರೆ ವೈದ್ಯರು ಏನೆಂದು ತಿಳಿಯಬೇಕು? ಕುಸಿದ ಪ್ರೋಗ್ರಾಂ ತನ್ನ ದೋಷವನ್ನು ಸಾರುತ್ತದೆ. ಸುಳ್ಳು ಸೊನ್ನೆ ಮೌನವಾಗಿ ಮೋಸಗೊಳಿಸುತ್ತದೆ.

ಇದಕ್ಕೆ ಪರಿಹಾರವೆಂದರೆ, ಬೆಲೆ ಇಲ್ಲದಿರಬಹುದೆಂಬುದನ್ನು ಮೊದಲೇ ಘೋಷಿಸುವುದು. ಅಂತಹ ಬೆಲೆಯನ್ನು ಮುಚ್ಚಿದ ಡಬ್ಬಿಯಲ್ಲಿಟ್ಟಂತೆ ಇಡಲಾಗುತ್ತದೆ. ತೆರೆದು ನೋಡಿ, ಬರಿದಾಗಿದ್ದರೆ ಮುಂದೇನೆಂದು ನಿರ್ಧರಿಸಿಯೇ ಬಳಸಬೇಕು. ಎಂ.ಎಲ್., ಹ್ಯಾಸ್ಕೆಲ್ ಭಾಷೆಗಳಲ್ಲಿ ಈ ಪದ್ಧತಿ ಮೊದಲೇ ರೂಢಿಯಲ್ಲಿತ್ತು. 2014ರಲ್ಲಿ ಜಾವಾದ 8ನೆಯ ಆವೃತ್ತಿಯು 'ಆಪ್ಷನಲ್' ಎಂಬ ಡಬ್ಬಿಯನ್ನು ತಂದಿತು. ಆದರೆ ಹಳೆಯ 'ನಲ್' ಅಲ್ಲಿ ಉಳಿದೇ ಇದ್ದುದರಿಂದ ಡಬ್ಬಿಯೇ ಇಲ್ಲದಿರುವ ಸಂಭವವೂ ಉಳಿಯಿತು. ಕಾಟ್ಲಿನ್ ಭಾಷೆಯು ಇನ್ನೂ ಕಟ್ಟುನಿಟ್ಟು. ಅಲ್ಲಿ 'ನಲ್' ಆಗಬಹುದಾದ ಬೆಲೆಯ ಜಾತಿಗೆ ಪ್ರಶ್ನಾರ್ಥಕ ಚಿಹ್ನೆಯನ್ನು ಹಚ್ಚಬೇಕು. ಪರೀಕ್ಷಿಸದೆ ಬಳಸಹೊರಟರೆ ಕಂಪೈಲರೇ ತಡೆಯುತ್ತದೆ.

ಹೋರ್ ಅವರು 1980ರಲ್ಲಿ ಟ್ಯೂರಿಂಗ್ ಪ್ರಶಸ್ತಿಯನ್ನು ಪಡೆದ ಮೇಧಾವಿ. ಆದರೂ 2009ರಲ್ಲಿ ಲಂಡನ್ನಿನ ಸಮ್ಮೇಳನವೊಂದರಲ್ಲಿ, 'ನಲ್' ತಮ್ಮ ನೂರು ಕೋಟಿ ಡಾಲರುಗಳ ತಪ್ಪೆಂದು ಒಪ್ಪಿಕೊಂಡರು. ತಪ್ಪನ್ನು ತಪ್ಪೆಂದು, ಇಲ್ಲದ್ದನ್ನು ಇಲ್ಲವೆಂದು ಹೇಳುವುದು ವಿದ್ಯೆಯ ಮೊದಲ ಪಾಠ. ಯಂತ್ರಕ್ಕೆ ಅದನ್ನು ಕಲಿಸಬೇಕಾದವನು ಮೊದಲು ತಾನು ಕಲಿತಿರಬೇಕಷ್ಟೆ.