ಹಗ್ಗ ಮತ್ತು ಗೂಟ

ಗಟ್ಟಿ ಹಗ್ಗ ತಂದವನಿಗೆ ಎಲ್ಲರೂ ಶಹಬ್ಬಾಸ್ ಎನ್ನುತ್ತಾರೆ. ಗೂಟ ಎಷ್ಟು ಆಳಕ್ಕೆ ಇಳಿದಿದೆ ಎಂದು ಕೇಳುವವರು ಕಡಿಮೆ. ಎತ್ತು ಕಿತ್ತುಕೊಂಡು ಹೋದ ಮರುದಿನ ನೋಡಿದರೆ ಹಗ್ಗ ಅದರ ಕೊರಳಲ್ಲಿ ಹಾಗೆಯೇ ಇರುತ್ತದೆ, ತುದಿಯಲ್ಲಿ ಗೂಟವೂ ಇರುತ್ತದೆ! ನಮ್ಮ ಹಿರೇಕೊಟ್ನೆಕಲ್ಲಿನ ಕೊಟ್ಟಿಗೆಗಳ ಈ ತಿಳಿವಳಿಕೆ ಮೋಟಾರು ಕಾರಿಗೂ ಸಲ್ಲುತ್ತದೆ.

ನನ್ನ ದೊಡ್ಡಪ್ಪನ ಮಗ ಭತ್ತ ಮಾರಿದ ಹಣದಲ್ಲಿ ಹಳೆಯ ಕಾರೊಂದನ್ನು ಕೊಂಡಿದ್ದಾನೆ. ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ನಡೆಯುವ ರ‍್ಯಾಲಿಗಳನ್ನು ಮೊಬೈಲಿನಲ್ಲಿ ನೋಡಿ ನೋಡಿ, ಪಂದ್ಯದವರು ಕಟ್ಟಿಕೊಳ್ಳುವ ಹಾರ್ನೆಸ್ಸಿನ ಮೇಲೆ ಅವನಿಗೆ ಮನಸ್ಸಾಯಿತು. ಹೆಗಲಿಗೆರಡು, ಸೊಂಟಕ್ಕೆರಡು, ಹೀಗೆ ನಾಲ್ಕು ಪಟ್ಟಿಗಳ ಕೆಂಪು ಹಾರ್ನೆಸ್ಸನ್ನು ತರಿಸಿಯೂ ಬಿಟ್ಟ. "ಕಂಪನಿ ಬೆಲ್ಟಿಗಿಂತ ಇದು ಗಟ್ಟಿ ಐತಿ ನೋಡೋ. ಎರಡು ಮಕ್ಕಳ ತಂದಿ ನಾನು, ಜೀವ ಉಳೀಬೇಕಲ್ಲ" ಎಂದ. ಮಾತು ನ್ಯಾಯವಾದದ್ದೇ. ಮಾನ್ವಿಯ ಮೇಸ್ತ್ರಿಗೂ ಕೆಲಸ ಸಲೀಸಾಗಿ ಕಂಡಿತು: "ಸೀಟಿನ ಹಿಂದ ನೆಲಕ್ಕ ಎರಡು ತೂತು ಹೊಡದು ಬೋಲ್ಟು ಹಾಕಿದ್ರ ಮುಗೀತು, ತಮ್ಮಾ."

ಮುಗಿಯುವುದು ನಿಜ; ಯಾವುದು ಎಂಬುದೇ ಪ್ರಶ್ನೆ. ಅರವತ್ತು ಕಿಲೋ ತೂಕದ ಮನುಷ್ಯನೊಬ್ಬ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದು ಅರ್ಧ ಮೀಟರಿನೊಳಗೆ ನಿಲ್ಲಬೇಕಾದರೆ, ಬೆಲ್ಟಿನ ಮೇಲೆ ಬೀಳುವ ಎಳೆತ ಸುಮಾರು 17 ಕ್ವಿಂಟಲ್. 75 ಕಿಲೋದ ಇಪ್ಪತ್ತೆರಡು ಭತ್ತದ ಚೀಲಗಳನ್ನು ತೆಳ್ಳನೆಯ ತಗಡಿನ ತೂತಿಗೆ ನೇತುಹಾಕಿದಂತೆ! ಅದಕ್ಕೇ ಮೋಟಾರು ಪಂದ್ಯಗಳ ಅಂತರರಾಷ್ಟ್ರೀಯ ಸಂಸ್ಥೆಯಾದ ಎಫ್.ಐ.ಎ., ಬೋಲ್ಟಿನ ಬುಡಕ್ಕೆ ಕನಿಷ್ಠ 3 ಮಿ.ಮೀ. ದಪ್ಪದ, 40 ಚದರ ಸೆಂ.ಮೀ. ವಿಸ್ತೀರ್ಣದ ಉಕ್ಕಿನ ತಟ್ಟೆ ಬೇಕೆನ್ನುತ್ತದೆ. ಹೆಗಲ ಪಟ್ಟಿಗಳು ಹಿಂದಕ್ಕೆ ಹೋಗುವಾಗ 45 ಡಿಗ್ರಿಗಿಂತ ಕಡಿದಾಗಿ ಇಳಿಯಕೂಡದು. ಬಹುಮಟ್ಟಿಗೆ ಸಮವಾಗಿದ್ದರೆ ಲೇಸು. ಮೇಸ್ತ್ರಿ ಹೇಳಿದಂತೆ ಸೀಟಿನ ಬೆನ್ನಿಗೇ ನೆಲಕ್ಕಿಳಿಸಿದರೆ, ಢಿಕ್ಕಿಯಾದಾಗ ಅವು ಹೆಗಲನ್ನು ಕೆಳಗೆ ಜಗ್ಗಿ ಬೆನ್ನುಹುರಿಯ ಮೂಳೆಗಳನ್ನು ಒಂದರ ಮೇಲೊಂದು ಹಿಂಡುತ್ತವೆ. ತೊಡೆಗಳ ನಡುವಿನ ಪಟ್ಟಿ ಇಲ್ಲದಿದ್ದರೆ ಸೊಂಟದ ಪಟ್ಟಿ ಎಲುಬಿನಿಂದ ಜಾರಿ ಮೆತ್ತನೆಯ ಹೊಟ್ಟೆಗೆ ಏರುತ್ತದೆ.

ಇಷ್ಟೆಲ್ಲ ಸರಿಪಡಿಸಿದರೂ ಒಂದು ಕೊರತೆ ಉಳಿಯುತ್ತದೆ. ಪಂದ್ಯದ ಕಾರಿನೊಳಗೆ ಉಕ್ಕಿನ ಕೊಳವೆಗಳ ಪಂಜರವುಂಟು, ನಮ್ಮದರಲ್ಲಿ ಇಲ್ಲ. ಕಾರು ಮಗುಚಿ ಛಾವಣಿ ಕುಸಿದರೆ, ಕಂಪನಿಯ ಬೆಲ್ಟಿನಲ್ಲಿ ಮೈ ಪಕ್ಕಕ್ಕೆ ತುಸುವಾದರೂ ಬಾಗೀತು. ಹಾರ್ನೆಸ್ಸು ಮನುಷ್ಯನನ್ನು ನೆಟ್ಟಗೆ ಕೂರಿಸಿ ತಲೆಯನ್ನು ತಗಡಿಗೆ ಒಪ್ಪಿಸುತ್ತದೆ. ಆ ಸಾಮಾನ್ಯ ಬೆಲ್ಟೂ ಅಗ್ಗದ ವಿದ್ಯೆಯಲ್ಲ. ಸ್ವೀಡನ್ನಿನ ನೀಲ್ಸ್ ಬೋಲಿನ್ ರೂಪಿಸಿದ ಅದು 1959ರಲ್ಲಿ ವೋಲ್ವೋ ಕಾರುಗಳಿಗೆ ಬಂದಿತು. ಕಂಪನಿ ಅದರ ಪೇಟೆಂಟನ್ನು ಉಳಿದವರೂ ಬಳಸಲೆಂದು ಬಿಟ್ಟುಕೊಟ್ಟಿತು.

ಅಣ್ಣ ಬಹಳ ಹೊತ್ತು ಸುಮ್ಮನಿದ್ದ. ಹಣ ಕೊಟ್ಟು ತಂದ ವಸ್ತುವಲ್ಲವೆ? ಮೇಸ್ತ್ರಿ ಮಾತ್ರ ಬೇಸರಪಡದೆ ಡ್ರಿಲ್ಲನ್ನು ಕೆಳಗಿಟ್ಟು, "ಹಂಗಾದ್ರ ಹಿಂದ ಕೂಡೋ ಹುಡುಗರಿಗೆ ಏನೈತ್ರಿ?" ಎಂದು ಕೇಳಿದರು. ಹಿಂಬದಿಯಲ್ಲಿ ಕೂರುವವರೂ ಬೆಲ್ಟು ಹಾಕಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮ 138(3) ಹೇಳುತ್ತದೆ. ನಮ್ಮ ಕಾರಿನಲ್ಲಿ ಆ ಬೆಲ್ಟುಗಳೇ ಕಾಣಲಿಲ್ಲ. ಹಳೆಯ ಮಾಲೀಕ ಹೊಲಿಸಿದ್ದ ಹೂವಿನ ಹೊದಿಕೆಯನ್ನು ಮೂವರೂ ಸೇರಿ ಬಿಚ್ಚಿದೆವು. ಬಕಲುಗಳು ಸೀಟಿನ ಸಂದಿಯಲ್ಲಿ ಹೂತುಹೋಗಿದ್ದವು, ಜೊತೆಗೆ ಒಂದು ಹಿಡಿ ಶೇಂಗಾ ಸಿಪ್ಪೆ. ಒಂದು ಬಕಲಿಗೆ ತುಕ್ಕು ಹಿಡಿದಿತ್ತು. ಅದರ ಬದಲು ಹೊಸದನ್ನು ರಾಯಚೂರಿನಿಂದ ತರಿಸಲು ಅಣ್ಣ ಅಲ್ಲಿಯೇ ಮುಂಗಡ ಕೊಟ್ಟ.