ಟಾರ್ಚ್ ಮೊದಲು, ಕಾಫಿ ಆಮೇಲೆ

ಸೆಕೆಂಡ್ ಹ್ಯಾಂಡ್ ಲೆನ್ಸ್ ಕೊಳ್ಳೋಕೆ ಹೋಗುವವರು ಜೊತೆಗೆ ಒಯ್ಯಬೇಕಾದ ಸಾಮಾನುಗಳು ಇಷ್ಟು: ತಮ್ಮದೇ ಕ್ಯಾಮೆರಾ, ಪೂರ್ತಿ ಚಾರ್ಜ್ ಆದ ಬ್ಯಾಟರಿ, ಖಾಲಿ ಮೆಮೊರಿ ಕಾರ್ಡು, ಒಂದು ಸಣ್ಣ ಟಾರ್ಚ್, ಅವತ್ತಿನ ಪೇಪರ್, ಸಾಧ್ಯವಾದರೆ ಲ್ಯಾಪ್‌ಟಾಪ್. ಮನೆಯಲ್ಲೇ ಬಿಟ್ಟು ಹೋಗಬೇಕಾದದ್ದು ಒಂದೇ, ದಾಕ್ಷಿಣ್ಯ.

ಸಾಮಾನು ಹೊಂದಿಸೋದು ಸುಲಭ, ಈ ಕೊನೆಯದ್ದೇ ಕಷ್ಟ. ಹಳ್ಳಿಯಲ್ಲಿ ಬೆಳೆದ ನನ್ನಂಥವರಿಗಂತೂ ಇನ್ನೂ ಕಷ್ಟ. ಒಬ್ಬರ ಮನೆಗೆ ಹೋಗಿ, ಅವರ ಸೋಫಾ ಮೇಲೆ ಕೂತು, ಅವರು ಕೊಟ್ಟ ಕಾಫಿ ಕುಡಿದು, ಆಮೇಲೆ ಅವರೆದುರಿಗೇ ಅವರ ವಸ್ತುವಿನೊಳಗೆ ಟಾರ್ಚ್ ಬಿಟ್ಟು ನೋಡೋದು ಅಂದ್ರೆ ಪೊಲೀಸರು ಮನೆ ಶೋಧಿಸಿದ ಹಾಗೆ ಅನ್ನಿಸುತ್ತೆ. 'ನೋಡೋಕೆ ಒಳ್ಳೆ ಜನ, ಇವರೇನು ಮೋಸ ಮಾಡ್ತಾರಾ' ಅಂದುಕೊಂಡು, ಲೆನ್ಸನ್ನು ಎರಡು ಸಲ ತಿರುಗಿಸಿ ನೋಡಿ, ದುಡ್ಡು ಕೊಟ್ಟು ಎದ್ದು ಬರುವವರೇ ಹೆಚ್ಚು. ನನ್ನ ಟೀಮಿನ ಗೆಳೆಯನೊಬ್ಬ ಹೀಗೇ ಕಾಫಿ ಶಾಪೊಂದರ ಮಂದ ಬೆಳಕಿನಲ್ಲಿ ವ್ಯಾಪಾರ ಮುಗಿಸಿಕೊಂಡು ಬಂದ. ರಾತ್ರಿ ಟ್ಯೂಬ್‌ಲೈಟಿಗೆ ಹಿಡಿದು ನೋಡಿದರೆ ಲೆನ್ಸಿನೊಳಗೆ ಜೇಡರ ಬಲೆ ಕಟ್ಟಿದ ಹಾಗೆ ಬೂಷ್ಟು. ಮಾರಿದವರಿಗೆ ಫೋನ್ ಮಾಡಿದರೆ, 'ಅವತ್ತೇ ನೋಡಬೇಕಿತ್ತು ನೀವು' ಅಂದರಂತೆ. ಅವರ ಮಾತಲ್ಲೂ ತಪ್ಪಿಲ್ಲ ನೋಡಿ.

ವಿಚಿತ್ರ ಅಂದ್ರೆ, ಇಷ್ಟೆಲ್ಲ ಸಂಕೋಚದ ನಮ್ಮ ಜನ ಎತ್ತು ಕೊಳ್ಳುವಾಗ ಮಾತ್ರ ಯಾವ ದಾಕ್ಷಿಣ್ಯವನ್ನೂ ಇಟ್ಟುಕೊಳ್ಳುವುದಿಲ್ಲ. ದೊಡ್ಡಬಳ್ಳಾಪುರದ ಹತ್ತಿರ ಘಾಟಿ ಸುಬ್ರಹ್ಮಣ್ಯದಲ್ಲಿ ಡಿಸೆಂಬರ್-ಜನವರಿ ಹೊತ್ತಿಗೆ ದನಗಳ ಜಾತ್ರೆ ನಡೆಯುತ್ತೆ. ಚಿಕ್ಕವನಿದ್ದಾಗ ಅಪ್ಪನ ಜೊತೆ ಹೋಗುತ್ತಿದ್ದೆ. ಅಪ್ಪ ಮೊದಲು ಎತ್ತಿನ ಬಾಯಿ ಬಿಡಿಸಿ ಕೆಳದವಡೆಯ ಹಲ್ಲು ಎಣಿಸೋರು. ಎರಡು ಹಲ್ಲಾ, ನಾಲ್ಕಾ, ಆರಾ, ಇಲ್ಲಾ ಬಾಯಿ ಗೂಡಿದೆಯಾ ಅಂತ. ಆಮೇಲೆ ಗೊರಸು ಎತ್ತಿ ನೋಡೋರು, ಹೆಗಲ ಮೇಲೆ ಕೈಯಾಡಿಸಿ ಹುಣ್ಣಿನ ಕಲೆ ಹುಡುಕೋರು, ನೂರು ಹೆಜ್ಜೆ ನಡೆಸೋರು. ಎತ್ತಿನ ಯಜಮಾನ ಪಕ್ಕದಲ್ಲೇ ಬೀಡಿ ಸೇದುತ್ತಾ ನಿಂತಿರುತ್ತಿದ್ದ. ಅವನಿಗೆ ಬೇಜಾರಿಲ್ಲ, ಅವಮಾನವಿಲ್ಲ. 'ನೋಡಿ ಸ್ವಾಮಿ, ಚೆನ್ನಾಗಿ ನೋಡಿ' ಅಂತ ಅವನೇ ಹಗ್ಗ ಕೈಗೆ ಕೊಡುತ್ತಿದ್ದ. ನೋಡದೆ ಕೊಳ್ಳೋನು ಬಂದಿದ್ದರೇ ಅವನಿಗೆ ಅನುಮಾನ ಬರುತ್ತಿತ್ತೇನೋ. ನೋಡಿದ್ದೆಲ್ಲ ಮುಗಿದ ಮೇಲೆ ಟವೆಲ್ ಕೆಳಗೆ ಬೆರಳು ಹಿಡಿದು ರೇಟು ಮಾತಾಡೋರು. ಅದೂ ಆದಮೇಲೇ ಟೀ.

ಈ ಕ್ರಮ ನೆನಪಿಟ್ಟುಕೊಂಡರೆ ಲೆನ್ಸ್ ವ್ಯಾಪಾರಕ್ಕೆ ಬೇರೆ ಪಾಠ ಬೇಕಿಲ್ಲ.

ಹೋದ ವರ್ಷ ಬಸವನಗುಡಿಯಲ್ಲಿ ಒಬ್ಬರ ಹತ್ತಿರ 70-300 ಜೂಮ್ ಲೆನ್ಸ್ ಇದೆ ಅಂತ ಗೊತ್ತಾಯಿತು. ಬ್ಯಾಂಕ್ ಕೆಲಸದಿಂದ ರಿಟೈರ್ ಆದವರು. ಹಕ್ಕಿ ಫೋಟೋ ತೆಗೆಯುವ ಹುಚ್ಚು. ಮಂಡಿ ನೋವು ಶುರುವಾದ ಮೇಲೆ ಕೆರೆ ಏರಿ ಹತ್ತೋದು ನಿಂತಿದೆ. ಹದಿನಾರು ಸಾವಿರ ಹೇಳಿದ್ದರು. ನಾನು ಬೆಳಿಗ್ಗೆ ಹತ್ತಕ್ಕೇ ಬರ್ತೀನಿ ಅಂದೆ. ಲೆನ್ಸನ್ನು ಹಗಲು ಬೆಳಕಲ್ಲೇ ನೋಡಬೇಕು. ಸಾಧ್ಯವಿದ್ದರೆ ಮಾರುವವರ ಮನೆಯಲ್ಲೇ ನೋಡಬೇಕು, ಅದನ್ನು ಎಲ್ಲಿ ಇಟ್ಟಿದ್ದರು ಅನ್ನೋದೂ ಕಣ್ಣಿಗೆ ಬೀಳುತ್ತೆ. ಇವರು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಟ್ಟಿದ್ದರು. ಅರ್ಧ ಮನಸ್ಸು ಅಲ್ಲೇ ನಿರಾಳವಾಯಿತು. ಅಷ್ಟರಲ್ಲಿ ಒಳಗಿಂದ ಮೇಡಮ್ಮು ಕಾಫಿ ಲೋಟ ಹಿಡಿದು ಬಂದರು.

'ಒಂದು ಹತ್ತು ನಿಮಿಷ ಬಿಟ್ಟು ಕುಡೀತೀನಿ ಮೇಡಂ, ಮೊದಲು ಲೆನ್ಸ್ ನೋಡ್ಬಿಡ್ತೀನಿ' ಅಂದೆ. ಅವರು ನಕ್ಕು ಲೋಟಕ್ಕೆ ತಟ್ಟೆ ಮುಚ್ಚಿದರು.

ಮೊದಲು ಹೊರಗಿನದು. ಮುಂದೆ ಫಿಲ್ಟರ್ ಹಾಕುವ ಅಂಚಿನಲ್ಲಿ ತಗ್ಗು ಬಿದ್ದಿದ್ದರೆ ಲೆನ್ಸ್ ಕೆಳಗೆ ಬಿದ್ದಿದೆ ಎಂದರ್ಥ. ಹಿಂದೆ ಮೌಂಟಿನ ಸ್ಕ್ರೂ ತಲೆಗಳು ತರಚಿದ್ದರೆ ಯಾರೋ ಬಿಚ್ಚಿ ಹಾಕಿದ್ದಾರೆ ಎಂದರ್ಥ. ಬಿಚ್ಚಿದ್ದು ತಪ್ಪಲ್ಲ, ಯಾಕೆ ಬಿಚ್ಚಿದರು ಅಂತ ಕೇಳಲೇಬೇಕು. ಜೂಮ್ ರಿಂಗ್, ಫೋಕಸ್ ರಿಂಗ್ ಎರಡನ್ನೂ ಈ ತುದಿಯಿಂದ ಆ ತುದಿಗೆ ನಿಧಾನವಾಗಿ ತಿರುಗಿಸಬೇಕು. ಮರಳು ಅರೆದ ಹಾಗೆ ಅನ್ನಿಸಬಾರದು, ನಡುವೆ ತಡೆಯಬಾರದು. ಮೆಲ್ಲಗೆ ಅಲ್ಲಾಡಿಸಿದರೆ ಒಳಗೆ ಟಕ್ ಟಕ್ ಅನ್ನಬಹುದು. ಕೈನಡುಕ ತಡೆಯುವ ಲೆನ್ಸ್‌ಗಳಲ್ಲಿ ಒಳಗಿನ ಒಂದು ಗಾಜಿನ ಗುಂಪು ಸಡಿಲವಾಗಿ ತೇಲುತ್ತಿರುತ್ತೆ, ಅದಕ್ಕೆ ಗಾಬರಿಯಾಗಬೇಕಿಲ್ಲ. ಸೀರಿಯಲ್ ನಂಬರ್ ಬಿಲ್ಲಿಗೂ ಡಬ್ಬಕ್ಕೂ ತಾಳೆಯಾಗಬೇಕು. ಕಳ್ಳಮಾಲು ಅಲ್ಲ ಅನ್ನೋಕೆ ನಮ್ಮ ಕೈಯಲ್ಲಿರುವ ಸಾಕ್ಷಿ ಅದೊಂದೇ.

ಆಮೇಲೆ ಟಾರ್ಚ್. ಎರಡೂ ಕಡೆ ಮುಚ್ಚಳ ತೆಗೆದು, ಹಿಂದಿನಿಂದ ಓರೆಯಾಗಿ ಬೆಳಕು ಬಿಟ್ಟು, ಮುಂದಿನಿಂದ ನೋಡಬೇಕು. ಮೊದಲ ಸಲ ನೋಡಿದವರ ಎದೆ ಒಡೆಯುತ್ತೆ. ಧೂಳು, ಧೂಳು, ಬರೀ ಧೂಳು. ಇದನ್ನು ನೋಡಿ ಹೆದರಿ ಓಡಬಾರದು. ಜೂಮ್ ಲೆನ್ಸ್ ಉದ್ದಕ್ಕೂ ಗಿಡ್ಡಕ್ಕೂ ಆಗುವಾಗ ಗಾಳಿ ಎಳೆದುಕೊಳ್ಳುತ್ತೆ, ಗಾಳಿಯ ಜೊತೆ ಧೂಳೂ ಹೋಗುತ್ತೆ. ಮುಂದಿನ ಗಾಜಿನ ಮೇಲಿನ ಚುಕ್ಕೆ ಫೋಕಸ್ಸಿನಿಂದ ಎಷ್ಟು ದೂರ ಇರುತ್ತೆ ಅಂದ್ರೆ ಫೋಟೋದಲ್ಲಿ ಅದರ ಸುಳಿವೇ ಸಿಗಲ್ಲ. ಅಲ್ಲೊಂದು ಕೂದಲೆಳೆ ಗೀರು ಇದ್ದರೂ ಬಹಳ ಸಲ ಹಾಗೇ. ಹಿಂದಿನ ಗಾಜಿನ ಗೀರು ಮಾತ್ರ ಸ್ವಲ್ಪ ಗಂಭೀರ, ಅದು ಸೆನ್ಸರ್‌ಗೆ ಹತ್ತಿರ. ಎತ್ತಿಗೆ ಸುಳಿ ನೋಡ್ತಾರಲ್ಲ, ಧೂಳು ಅದರ ಹಾಗೆ. ಸುಳಿ ತಪ್ಪು ಜಾಗದಲ್ಲಿದ್ದರೆ ಎತ್ತು ಉಳೋದೇನೂ ಕಡಿಮೆಯಾಗಲ್ಲ, ಬೆಲೆ ಕಡಿಮೆಯಾಗುತ್ತೆ.

ಹೆದರಬೇಕಾದ್ದು ಬೇರೆ. ಅಂಚಿನಿಂದ ಕವಲೊಡೆದುಕೊಂಡು ಹೊರಟ ಸಣ್ಣ ಎಳೆಗಳು ಕಂಡರೆ ಅದು ಫಂಗಸ್, ಅಂದ್ರೆ ಬೂಷ್ಟು. ಮಲೆನಾಡಲ್ಲೋ ಕರಾವಳಿಯಲ್ಲೋ ಒಂದು ಮಳೆಗಾಲ ಕಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ಚರ್ಮದ ಬೆಲ್ಟಿಗೆ ಹಿಡಿಯುವ ಬೂಷ್ಟು ಚರ್ಮದ ಕೇಸಿನಲ್ಲಿಟ್ಟ ಲೆನ್ಸನ್ನು ಬಿಟ್ಟೀತಾ? ಅದು ಬಿಡುವ ಆಮ್ಲ ಗಾಜಿನ ಮೇಲಿನ ಲೇಪನವನ್ನೇ ತಿನ್ನುತ್ತೆ, ಹಾಗಾಗಿ ಎಷ್ಟೋ ಸಲ ಒರೆಸಿದ ಮೇಲೂ ಕಲೆ ಉಳಿಯುತ್ತೆ. ಗಾಳಿಯ ತೇವ ಶೇಕಡ 40ರಿಂದ 50ರ ಆಸುಪಾಸು ಇರುವ ಕಡೆ ಲೆನ್ಸ್ ಇಡಿ ಅಂತ ಹೇಳೋದು ಇದಕ್ಕೇ. ಇಡೀ ಗಾಜು ಹಾಲು ಕದಡಿದ ನೀರಿನ ಹಾಗೆ ಮಬ್ಬಾಗಿ ಕಂಡರೂ ನಮಸ್ಕಾರ ಹೇಳಿ ಎದ್ದು ಬರಬಹುದು. ಅದು ಫೋಟೋದ ಕಪ್ಪನ್ನೆಲ್ಲ ಬೂದಿ ಬಣ್ಣ ಮಾಡುತ್ತೆ.

ಸರ್ ಅವರ ಲೆನ್ಸಿನಲ್ಲಿ ಧೂಳು ಇತ್ತು, ಬೂಷ್ಟು ಇರಲಿಲ್ಲ. ನಾನು ಟಾರ್ಚ್ ಬಿಟ್ಟಾಗ ಅವರ ಮುಖ ಸ್ವಲ್ಪ ಗಂಟಾಗಿದ್ದು ನಿಜ. ನೀವೂ ನೋಡಿ ಅಂತ ಅವರ ಕೈಗೇ ಟಾರ್ಚ್ ಕೊಟ್ಟೆ. ಏಳು ವರ್ಷ ಬಳಸಿದ ಲೆನ್ಸಿನ ಒಳಗನ್ನು ಅವರು ನೋಡಿದ್ದು ಅವತ್ತೇ ಮೊದಲು. 'ಅಯ್ಯೋ, ಇಷ್ಟು ಧೂಳಾ?' ಅಂದರು. ಇದು ಲೆಕ್ಕಕ್ಕಿಲ್ಲ ಸರ್ ಅಂತ ನಾನೇ ಸಮಾಧಾನ ಹೇಳಬೇಕಾಯಿತು. ಅಲ್ಲಿಂದ ಮುಂದೆ ನಾವಿಬ್ಬರೂ ಒಂದೇ ಕಡೆ ಕೂತೆವು.

ಕಣ್ಣಿನ ಪರೀಕ್ಷೆ ಅಲ್ಲಿಗೆ ಮುಗಿಯುತ್ತೆ. ಆದರೆ ಲೆನ್ಸಿನ ನಿಜವಾದ ಕಾಯಿಲೆಗಳಲ್ಲಿ ಕೆಲವು ಕಣ್ಣಿಗೆ ಕಾಣೋದೇ ಇಲ್ಲ. ಎತ್ತನ್ನು ನಡೆಸಿ ನೋಡಿದ ಹಾಗೆ ಲೆನ್ಸಲ್ಲಿ ಫೋಟೋ ತೆಗೆದೇ ನೋಡಬೇಕು. ತಾರಸಿಗೆ ಹೋದೆವು.

ದೂರದ ಅಪಾರ್ಟ್‌ಮೆಂಟೊಂದರ ಸಾಲು ಕಿಟಕಿಗಳಿಗೆ ಎದುರಾಗಿ ನಿಂತು, 70ರಲ್ಲಿ ಒಂದು, 300ರಲ್ಲಿ ಒಂದು, ಅಪರ್ಚರ್ ಪೂರ್ತಿ ತೆರೆದು ತೆಗೆದೆ. ಲ್ಯಾಪ್‌ಟಾಪಲ್ಲಿ ಹಿಗ್ಗಿಸಿ ನಾಲ್ಕೂ ಮೂಲೆ ನೋಡಬೇಕು. ಮೂಲೆಗಳು ನಡುವಿಗಿಂತ ಮೆತ್ತಗಿರೋದು ಸಹಜ. ಆದರೆ ಎಡಗಡೆ ಚೂಪಾಗಿದ್ದು ಬಲಗಡೆ ಮಸುಕಾಗಿದ್ದರೆ ಒಳಗಿನ ಯಾವುದೋ ಗಾಜು ಓರೆಯಾಗಿರಬಹುದು. ಇಂಥ ಜೂಮ್ ಲೆನ್ಸಲ್ಲಿ ಹತ್ತಕ್ಕಿಂತ ಹೆಚ್ಚು ಗಾಜು ಇರುತ್ತವೆ, ಒಂದೇ ಒಂದು ಏಟು ತಿಂದು ಜಾಗ ಬದಲಿಸಿದರೂ ಸಾಕು. ನಾವೇ ಓರೆ ನಿಂತಿದ್ದರೂ ಹೀಗೇ ಕಾಣುತ್ತೆ, ಅದಕ್ಕೇ ಎರಡು ಸಲ ತೆಗೆದು ನೋಡಬೇಕು. ಆಮೇಲೆ ಕೈನಡುಕದ ಪರೀಕ್ಷೆ. 300ರಲ್ಲಿ, ಸೆಕೆಂಡಿನ ಮೂವತ್ತನೇ ಒಂದು ಭಾಗದಲ್ಲಿ, ಸ್ವಿಚ್ ಹಾಕಿ ಐದು, ಆರಿಸಿ ಐದು. ವ್ಯತ್ಯಾಸ ಎದ್ದು ಕಾಣಬೇಕು. ಪೇಪರನ್ನು ಓರೆಯಾಗಿಟ್ಟು ನಡುವಿನ ಒಂದು ಸಾಲಿಗೆ ಫೋಕಸ್ ಮಾಡಿದರೆ ಆ ಸಾಲೇ ಚೂಪಾಗಿ ಬರಬೇಕು, ಹಿಂದಿನದೂ ಅಲ್ಲ, ಮುಂದಿನದೂ ಅಲ್ಲ. ಮೂರರಲ್ಲೂ ಲೆನ್ಸ್ ಪಾಸ್.

ಉಳಿದಿದ್ದು ಕೊನೆಯದು. ಕ್ಯಾಮೆರಾವನ್ನು ಮ್ಯಾನುಯಲ್‌ಗೆ ಹಾಕಿ, ಅಪರ್ಚರನ್ನು ಎಫ್16ಕ್ಕೆ ಇಳಿಸಿ, ಗುಂಡಿ ಒತ್ತಿ ಹಿಡಿದು ಒಂದೇ ಗೋಡೆಯ ಹತ್ತು ಫೋಟೋ ಹೊಡೆದೆ. ಬೆಳಕು ಬದಲಾಗಿಲ್ಲ, ಸೆಟ್ಟಿಂಗ್ ಬದಲಾಗಿಲ್ಲ, ಹತ್ತೂ ಒಂದೇ ಥರ ಬರಬೇಕು. ಬರಲಿಲ್ಲ. ಮೂರು ಫೋಟೋ ಸುಣ್ಣ ಬಳಿದ ಹಾಗೆ ಬೆಳ್ಳಗಾಗಿದ್ದವು. ಮತ್ತೆ ಹೊಡೆದೆ. ಈ ಸಲ ನಾಲ್ಕು.

ಕ್ಯಾಮೆರಾದ ಪ್ರಿವ್ಯೂ ಗುಂಡಿ ಒತ್ತಿ ಹಿಡಿದು ಮುಂದಿನಿಂದ ನೋಡಿದರೆ, ಮುಚ್ಚಿಕೊಂಡ ಬ್ಲೇಡುಗಳ ಮೇಲೆ ಎಣ್ಣೆಯ ಹೊಳಪು. ಅವು ಒಣಗಿರಬೇಕು, ಕಣ್ಣು ಮಿಟುಕಿಸಿದ ಹಾಗೆ ಪಟ್ಟನೆ ಮುಚ್ಚಬೇಕು. ಎಣ್ಣೆ ಹರಿದರೆ ಒಂದಕ್ಕೊಂದು ಅಂಟಿಕೊಂಡು ತಡವಾಗಿ ಮುಚ್ಚುತ್ತವೆ, ಅಷ್ಟರಲ್ಲಿ ಬೆಳಕು ಹೆಚ್ಚಾಗಿ ಒಳಗೆ ಹೋಗಿರುತ್ತೆ.

ಸರ್ ಮುಖ ಸಣ್ಣದಾಯಿತು. 'ಇಲ್ಲ ರೀ, ನಂಗೆ ಒಂದು ದಿನಾನೂ ಹೀಗಾಗಿಲ್ಲ. ಬೇಕಾದ್ರೆ ನನ್ನ ಫೋಟೋ ಎಲ್ಲಾ ತೋರಿಸ್ತೀನಿ ಬನ್ನಿ' ಅಂದರು. ತೋರಿಸಿದರು ಕೂಡ. ಮಿಂಚುಳ್ಳಿ, ಬೆಳ್ಳಕ್ಕಿ, ಗೂಡು ಕಟ್ಟುತ್ತಿರೋ ಗೀಜಗ. ಒಂದಕ್ಕಿಂತ ಒಂದು ಚೆಂದ. ಒಂದೊಂದರ ವಿವರ ತೆಗೆದು ನೋಡಿದೆ. ಎಲ್ಲವೂ 300ರಲ್ಲಿ, ಎಲ್ಲವೂ ಎಫ್5.6ರಲ್ಲಿ. ಹಕ್ಕಿ ಹಿಡಿಯುವವರಿಗೆ ಬೆಳಕು ಎಷ್ಟಿದ್ದರೂ ಸಾಲದು, ಹಾಗಾಗಿ ಅಪರ್ಚರ್ ಪೂರ್ತಿ ತೆರೆದೇ ತೆಗೀತಾರೆ. ಪೂರ್ತಿ ತೆರೆದಾಗ ಬ್ಲೇಡುಗಳಿಗೆ ಕೆಲಸವೇ ಇಲ್ಲ. ವ್ಯೂಫೈಂಡರಿನಲ್ಲಿ ನೋಡುವಾಗಲೂ ಅವು ತೆರೆದೇ ಇರುತ್ತವೆ, ಫೋಟೋ ತೆಗೆಯುವ ಆ ಒಂದು ಕ್ಷಣಕ್ಕೆ ಮಾತ್ರ ಮುಚ್ಚುತ್ತವೆ. ಏಳು ವರ್ಷದಲ್ಲಿ ಆ ಲೆನ್ಸನ್ನು ಅವರು ಬಹುಶಃ ಒಂದು ಸಲವೂ ಎಫ್16ಕ್ಕೆ ಇಳಿಸಿರಲಿಲ್ಲ. ಅವರ ಪಾಲಿಗೆ ಅದು ನಿಜವಾಗಿಯೂ ಸರಿಯಾಗಿತ್ತು. ನನಗೆ ಬೇಕಿದ್ದದ್ದು ಬೆಟ್ಟಗುಡ್ಡದ ಫೋಟೋಗೆ, ಅಪರ್ಚರನ್ನು ಎಫ್11ಕ್ಕೋ 16ಕ್ಕೋ ಇಳಿಸಿಯೇ ತೆಗೆಯುವವನು ನಾನು.

ಸಾಫ್ಟ್‌ವೇರಿನವರಿಗೆ ಇದು ಹೊಸದಲ್ಲ. 'ನನ್ನ ಸಿಸ್ಟಮ್ಮಲ್ಲಿ ಕರೆಕ್ಟಾಗೇ ಓಡ್ತಿದೆಯಲ್ಲ' ಅನ್ನೋ ಮಾತನ್ನು ವಾರಕ್ಕೊಮ್ಮೆಯಾದರೂ ಕೇಳ್ತೀವಿ, ಹೇಳ್ತೀವಿ. ಹಾಗನ್ನುವವನು ಸುಳ್ಳುಗಾರನಲ್ಲ. ಅವನು ಆ ದಾರಿಯಲ್ಲಿ ಯಾವತ್ತೂ ನಡೆದಿಲ್ಲ, ಅಷ್ಟೇ. ಟೆಸ್ಟರ್ ಬಗ್ ಹುಡುಕಿದರೆ 'ನನ್ನ ಮೇಲೆ ಅನುಮಾನವಾ' ಅಂತ ಯಾರೂ ಅಳಲ್ಲ. (ಒಳಗೊಳಗೇ ಅಳ್ತೀವಿ, ಅದು ಬೇರೆ ಮಾತು.) ಆದರೆ ಅದೇ ನಾವು ಇನ್ನೊಬ್ಬರ ಮನೆಯಲ್ಲಿ ಕೂತಾಗ, ವಸ್ತುವನ್ನು ಪರೀಕ್ಷಿಸೋದೂ ಮನುಷ್ಯನನ್ನು ಅನುಮಾನಿಸೋದೂ ಒಂದೇ ಅಂದುಕೊಂಡುಬಿಡ್ತೀವಿ. ಮನುಷ್ಯ ಒಳ್ಳೆಯವರಾಗಿದ್ದ ಮಾತ್ರಕ್ಕೆ ಬ್ಲೇಡಿನ ಎಣ್ಣೆ ಒಣಗಲ್ಲ. ನಾನು ನೋಡದೆ ಕೊಂಡು, ಮರುವಾರ ಫೋಟೋ ಬೆಳ್ಳಗಾಗಿ, ಫೋನ್ ಮಾಡಿ ಜಗಳಕ್ಕೆ ನಿಂತಿದ್ದರೆ, ಆ ಹಿರಿಯರು ನನ್ನ ಕಣ್ಣಲ್ಲಿ ಜೀವನಪೂರ್ತಿ ಮೋಸಗಾರರಾಗಿ ಉಳಿದುಬಿಡುತ್ತಿದ್ದರು. ನಾನು ಅವರ ಕಣ್ಣಲ್ಲಿ ಲೆನ್ಸ್ ಹಾಳು ಮಾಡಿ ವಾಪಸ್ ಕೊಡೋಕೆ ಬಂದವನಾಗುತ್ತಿದ್ದೆ. ಇಬ್ಬರೂ ಸುಳ್ಳು ಹೇಳದೆಯೇ ಇಷ್ಟೆಲ್ಲ ಆಗಿಬಿಡುತ್ತಿತ್ತು.

ಕೆಳಗೆ ಬಂದೆವು. ಮೇಡಮ್ಮು ಕಾಫಿಯನ್ನು ಮತ್ತೆ ಬಿಸಿ ಮಾಡಿ ತಂದರು. ಸರ್ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹೀಗೇ ಕೊಟ್ರೆ ನಂಗೆ ಸಮಾಧಾನ ಇರಲ್ಲ. ರಿಪೇರಿ ಮಾಡಿಸ್ತೀನಿ, ಆಮೇಲೆ ನೋಡೋಣ' ಅಂದರು. ಎರಡು ವಾರ ಆದಮೇಲೆ ಫೋನ್ ಬಂತು. ಬ್ಲೇಡುಗಳನ್ನು ಬಿಚ್ಚಿ ತೊಳೆಸೋಕೆ 2,400 ರೂಪಾಯಿ ಆಗಿತ್ತು. ಅರ್ಧ ನಾನು ಕೊಡ್ತೀನಿ ಅಂದರೆ ಒಪ್ಪಲಿಲ್ಲ. ಅವತ್ತು ನಾನು ಚೀಲದಿಂದ ಕ್ಯಾಮೆರಾ ತೆಗೆಯೋ ಮೊದಲೇ, 'ಎಫ್16ರಲ್ಲಿ ಹತ್ತು ಹೊಡೀರಿ' ಅಂತ ಅವರೇ ಹೇಳಿದರು. ಹತ್ತೂ ಒಂದೇ ಥರ ಬಂದವು. ಹದಿನಾರು ಸಾವಿರ ಕೊಟ್ಟು, ಸಿಲಿಕಾ ಜೆಲ್ ಸಮೇತ ಆ ಡಬ್ಬಿಯನ್ನೂ ಇಸಿದುಕೊಂಡು ಬಂದೆ.

ಮೊನ್ನೆ ನನ್ನ ಹಳೇ 18-55 ಲೆನ್ಸ್ ಮಾರಿದೆ. ಕೊಳ್ಳೋಕೆ ಬಂದವನು ಕಾಲೇಜು ಹುಡುಗ, ಮೈಯೆಲ್ಲ ಸಂಕೋಚ. ಲೆನ್ಸನ್ನು ಕೈಯಲ್ಲಿ ಹಿಡಿದು, 'ಚೆನ್ನಾಗಿದೆ ಅಣ್ಣ' ಅಂದು ಪರ್ಸಿಗೆ ಕೈ ಹಾಕಿದ. ತಡಿ ಮಾರಾಯ ಅಂತ ಬಿಲ್ಲು, ಡಬ್ಬ, ಟಾರ್ಚ್ ಮೂರನ್ನೂ ಅವನ ಮುಂದಿಟ್ಟು, ಕಿಟಕಿ ಹತ್ತಿರ ಕೂರಿಸಿದೆ. ಹೇಗೆ ನೋಡಬೇಕು ಅಂತ ಒಂದು ಸಲ ತೋರಿಸಿಕೊಟ್ಟಿದ್ದೇ ತಡ, ಹುಡುಗನಿಗೆ ರುಚಿ ಹತ್ತಿಬಿಟ್ಟಿತು. ಅರ್ಧ ಗಂಟೆ ಜಾಲಾಡಿ, ಹಿಂದಿನ ಗಾಜಿನ ಅಂಚಿನಲ್ಲಿ ನಾನು ಯಾವತ್ತೂ ನೋಡಿರದ ಒಂದು ಸಣ್ಣ ಗೀರು ಹುಡುಕಿ ತೆಗೆದ. ಐನೂರು ರೂಪಾಯಿ ಕಮ್ಮಿ ಮಾಡಿದೆ.

ಕಾಫಿ ಕುಡಿದುಕೊಂಡೇ ಹೋದ.